ಕಿಲ್ ಸೊನ್ನೆ, ಆದರೂ ಗೆಲುವು: ಮೊಬೈಲ್ ಲೆಜೆಂಡ್ಸ್‌ನಲ್ಲಿ ಸಪೋರ್ಟ್ ಆಡುವುದು ಹೇಗೆ?

ಸುವೈಕ್: ಮಸ್ಕತ್‌ನಿಂದ ಸೊಹಾರ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಸುವೈಕ್ ಸಿಗುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖರ್ಜೂರದ ತೋಟ, ರಸ್ತೆ ಬದಿಗೆ ಅಂಗಡಿ ಸಾಲು. ಆ ಸಾಲಿನ ಹಿಂದೆ ನಮ್ಮ ರೂಮು. ಐದು ಮಂಚ, ಒಂದು ಏಸಿ. ನಾನು ಕುಂದಾಪುರದವನು. ಉಳಿದವರಲ್ಲಿ ಒಬ್ಬ ಭಟ್ಕಳ, ಒಬ್ಬ ಪುತ್ತೂರು, ಒಬ್ಬ ಕಾಸರಗೋಡು, ಇನ್ನೊಬ್ಬ ಕಲಬುರಗಿ ಕಡೆಯವ. ರಾತ್ರಿ ಅಂಗಡಿ ಮುಚ್ಚಿ, ಊಟ ಮುಗಿಸಿ, ಐದೂ ಜನ ಫೋನ್ ಹಿಡಿದು ಮಂಚದ ಮೇಲೆ ಕೂತರೆ ಮೊಬೈಲ್ ಲೆಜೆಂಡ್ಸ್ ಶುರು.

ಆಟ ಐದು ಜನರದ್ದು. ಆದರೆ ಐದೂ ಜನಕ್ಕೆ ಹೀರೋ ಆಗುವ ಆಸೆ. ಸಪೋರ್ಟ್ ಆಡಲು ಯಾರೂ ಒಪ್ಪುವುದಿಲ್ಲ. ನಾನು ವಯಸ್ಸಿನಲ್ಲಿ ದೊಡ್ಡವನು, ಅದಕ್ಕಿಂತ ಹೆಚ್ಚಾಗಿ ನನ್ನ ಬೆರಳು ನಿಧಾನ. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು.

ಕಳೆದ ವರ್ಷ ಒಂದು ರಾತ್ರಿ ಸಾಲಾಗಿ ಆರು ಆಟ ಸೋತೆವು. ಪುತ್ತೂರಿನ ಹುಡುಗ ಇಯರ್‌ಫೋನ್ ಕಿತ್ತು ಬಿಸಾಡಿ, "ಅಣ್ಣಾ, ನೀವು ಇದ್ದದ್ದೂ ಒಂದೇ, ಇಲ್ಲದ್ದೂ ಒಂದೇ" ಅಂದುಬಿಟ್ಟ. ನಾನೂ ಸುಮ್ಮನಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಎರಡು ವಾರ ಮಾತಿಲ್ಲ. ಒಂದೇ ಕುಕ್ಕರಿನ ಅನ್ನ ಉಣ್ಣುವವರು ಮಾತು ಬಿಟ್ಟು ಒಂದೇ ರೂಮಿನಲ್ಲಿ ಮಲಗುವ ಕಷ್ಟ ಏನಂತ ಗಲ್ಫ್‌ನಲ್ಲಿ ಇದ್ದವರಿಗೆ ಗೊತ್ತು.

ಅದೇ ವಾರ ಇನ್ನೊಂದಾಯಿತು. ನಮಗೆ ಮಧ್ಯಾಹ್ನ 1ರಿಂದ 4ರವರೆಗೆ ಬ್ರೇಕ್. ಇಲ್ಲಿ 3 ಗಂಟೆ ಅಂದರೆ ಊರಲ್ಲಿ ನಾಲ್ಕೂವರೆ, ಮಗಳು ಶಾಲೆಯಿಂದ ಬರುವ ಹೊತ್ತು. ಅವಳ ಫೋನ್ ಬಂದಾಗ ನಾನು ಆಟದ ಮಧ್ಯೆ ಇದ್ದೆ. ಕಟ್ ಮಾಡಿದೆ. ಎರಡನೇ ಸಲವೂ ಕಟ್ ಮಾಡಿದೆ. ಮೂರನೇ ಸಲ ಬರಲಿಲ್ಲ. ಆಟವನ್ನೂ ಸೋತೆ.

ಒಂದೋ ಈ ಆಟ ಬಿಡಬೇಕು, ಇಲ್ಲಾಂದ್ರೆ ಸರಿಯಾಗಿ ಕಲಿಯಬೇಕು ಅಂತ ಅವತ್ತು ಅನ್ನಿಸಿತು. ಕಲಿತೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ರೂಮಿನಲ್ಲೂ ನನ್ನಂತಹ ಒಬ್ಬ ಇರಬಹುದು.

ಊರಿನವರಿಗೆ ಮೊದಲು: ಇದು ಎಂಥ ಆಟ?

ಮಗನೋ ಗಂಡನೋ ರಾತ್ರಿ ಫೋನ್ ಹಿಡಿದು "ಬಾ, ಬಾ, ಹಿಂದೆ ಬಾ" ಅಂತ ಕಿರುಚುವುದನ್ನು ನೀವು ಕೇಳಿರಬಹುದು. ಮೊಬೈಲ್ ಲೆಜೆಂಡ್ಸ್ 2016ರಲ್ಲಿ ಬಂದ ಆಟ, ಮೂನ್‌ಟನ್ ಅನ್ನುವ ಕಂಪನಿಯದ್ದು. ಈ ಕಡೆ ಐದು ಜನ, ಆ ಕಡೆ ಐದು ಜನ. ಮೈದಾನದಲ್ಲಿ ಮೂರು ದಾರಿ, ಅದಕ್ಕೆ ಲೇನ್ ಅಂತಾರೆ. ನಡುವೆ ಕಾಡು, ಒಂದು ಹೊಳೆ. ದಾರಿಯ ಟವರ್‌ಗಳನ್ನು ಒಡೆದು ಎದುರಾಳಿಯ ಬೇಸ್ ಮುರಿದವರು ಗೆದ್ದಂತೆ. ಒಂದು ಆಟಕ್ಕೆ ಹೆಚ್ಚುಕಡಿಮೆ ಹದಿನೈದು ನಿಮಿಷ ಬೇಕು. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸಲು ಬರುವುದಿಲ್ಲ. ಒಬ್ಬ ಎದ್ದು ಹೋದರೆ ಉಳಿದ ನಾಲ್ವರು ಸೋಲುತ್ತಾರೆ, ಹೋದವನ ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ಆಟದ ಮಧ್ಯೆ ಕರೆದರೆ ಅವರು ಸಿಡುಕುವುದು ಇದಕ್ಕೇ. ಸಿಡುಕುವುದು ಸರಿ ಅಂತ ಹೇಳುತ್ತಿಲ್ಲ, ಕಾರಣ ಹೇಳಿದೆ ಅಷ್ಟೇ.

ಭಾರತದಲ್ಲಿ ಈ ಆಟ ಸಿಗುವುದಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಮೊಬೈಲ್ ಲೆಜೆಂಡ್ಸ್ ಕೂಡ ಒಂದು. ಹಾಗಾಗಿ ನಮ್ಮಲ್ಲಿ ಬಹಳ ಜನ ಇದನ್ನು ಗಲ್ಫ್‌ಗೆ ಬಂದ ಮೇಲೆ ಫಿಲಿಪ್ಪೀನ್ಸ್‌ನವರಿಂದ ಕಲಿತವರು. ಅವರ ದೇಶದಲ್ಲಿ ಇದು ಗಲ್ಲಿ ಕ್ರಿಕೆಟ್ ಇದ್ದಂತೆ. 2019ರಲ್ಲಿ ಅಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಈ ಆಟಕ್ಕೆ ಪದಕವೇ ಇತ್ತು, ಚಿನ್ನ ಅವರೇ ಗೆದ್ದರು.

ಸಪೋರ್ಟ್ ಅಂದರೆ ಲಿಫ್ಟರ್

ಕರಾವಳಿಯವರಿಗೆ ವಾಲಿಬಾಲ್ ಗೊತ್ತು. ಸ್ಮ್ಯಾಶ್ ಹೊಡೆದವನಿಗೆ ಚಪ್ಪಾಳೆ. ಚೆಂಡನ್ನು ಸರಿಯಾದ ಎತ್ತರಕ್ಕೆ, ಸರಿಯಾದ ಜಾಗಕ್ಕೆ ಎತ್ತಿಕೊಟ್ಟ ಲಿಫ್ಟರ್ ಹೆಸರು ಯಾರೂ ಕೂಗುವುದಿಲ್ಲ. ಆದರೆ ಒಳ್ಳೆಯ ಲಿಫ್ಟರ್ ಇಲ್ಲದ ಟೀಮನ್ನು ಯಾರೂ ಟೂರ್ನಮೆಂಟಿಗೆ ಕರೆದುಕೊಂಡು ಹೋಗುವುದಿಲ್ಲ.

ಕ್ರಿಕೆಟ್‌ನಲ್ಲಿ ಹೇಳುವುದಾದರೆ ನಮ್ಮ ಕರ್ನಾಟಕದವರೇ ಇದ್ದಾರೆ. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನೂ ಅನಿಲ್ ಕುಂಬ್ಳೆ ಕಿತ್ತಾಗಿತ್ತು. ಆಚೆ ತುದಿಯಿಂದ ಬೌಲ್ ಮಾಡಲು ಬಂದ ಜಾವಗಲ್ ಶ್ರೀನಾಥ್ ಚೆಂಡನ್ನು ಸ್ಟಂಪಿನಿಂದ ದೂರ ದೂರ ಹಾಕಿದರು, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ. ಕುಂಬ್ಳೆ 74 ರನ್‌ಗೆ 10 ವಿಕೆಟ್ ಪಡೆದರು. ಶ್ರೀನಾಥ್ ಹೆಸರ ಮುಂದೆ ಸೊನ್ನೆ. ಆ ಸೊನ್ನೆಯನ್ನು ಯಾರಾದರೂ ಸೋಲು ಅಂತಾರಾ? 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ವಿಕೆಟ್ ಕೀಪಿಂಗ್ ಮಾಡಿದ್ದೂ ಹೀಗೆಯೇ, ತಂಡದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಆಗಲಿ ಅಂತ.

ಮೊಬೈಲ್ ಲೆಜೆಂಡ್ಸ್‌ನಲ್ಲಿ ಈ ಜಾಗಕ್ಕೆ ರೋಮ್ ಅಂತ ಹೆಸರು. ಉಳಿದ ನಾಲ್ವರಿಗೆ ಅವರವರ ಜಾಗ ಇದೆ: ಗೋಲ್ಡ್ ಲೇನ್, ಎಕ್ಸ್‌ಪಿ ಲೇನ್, ಮಿಡ್ ಲೇನ್, ಕಾಡಿನಲ್ಲಿ ಜಂಗ್ಲರ್. ರೋಮ್ ಆಡುವವನಿಗೆ ಸ್ವಂತ ದಾರಿ ಇಲ್ಲ. ಎಲ್ಲಿ ಬೇಕೋ ಅಲ್ಲಿಗೆ ಹೋಗಬೇಕು. ಅವನು ಶುರುವಿಗೇ ರೋಮ್ ಬೂಟ್ ಕೊಳ್ಳಬೇಕು. ಆಗ ಜೊತೆಯವನ ಪಕ್ಕ ನಿಂತಿದ್ದಾಗ ಮಿನಿಯನ್ ಸತ್ತರೆ ಅದರ ಚಿನ್ನ ಜೊತೆಯವನಿಗೆ ಹೋಗುತ್ತದೆ, ಪಾಲಾಗುವುದಿಲ್ಲ. ರೋಮ್‌ನವನಿಗೆ ಬೂಟಿನಿಂದ ಬೇರೆ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಚಿನ್ನ ಬರುತ್ತದೆ. ಅಂದರೆ ಟೀಮಿನಲ್ಲಿ ಕಡಿಮೆ ಸಂಬಳದವನು ನೀವೇ. ಇದು ಆಟದ ನಿಯಮ, ಬೇಜಾರು ಬೇಡ. ನಾನು ಮೊದಮೊದಲು ಈ ಬೂಟ್ ಕೊಳ್ಳದೆ ಮಾರ್ಕ್ಸ್‌ಮನ್ ಪಕ್ಕ ನಿಂತು ಅವನ ಅರ್ಧ ಚಿನ್ನ ತಿನ್ನುತ್ತಿದ್ದೆ, ಆಮೇಲೆ "ಇವನಿಗೇನು ಹೊಡೆಯಲು ಬರುವುದಿಲ್ಲವಾ" ಅಂತ ಅವನಿಗೇ ಬೈಯುತ್ತಿದ್ದೆ.

ಕಬಾಯನ್ ಕೇಳಿದ ಒಂದು ಪ್ರಶ್ನೆ

ಪಕ್ಕದ ಕಟ್ಟಡದಲ್ಲಿ ಒಬ್ಬ ಫಿಲಿಪ್ಪಿನೋ ಇದ್ದಾನೆ. ಎಲ್ಲರೂ ಕರೆಯುವ ಹಾಗೆ ನಾವೂ ಕಬಾಯನ್ ಅಂತ ಕರೆಯುತ್ತೇವೆ. ಒಂದು ಶುಕ್ರವಾರ ಅವನ ಹತ್ತಿರ ಹೋಗಿ ನನ್ನ ಆಟದ ರಿಪ್ಲೇ ತೋರಿಸಿದೆ. ನಾನು ಟವರ್ ಹತ್ತಿರದ ಜಗಳ ತೋರಿಸಲು ಹೋದರೆ, ಅವನು ರಿಪ್ಲೇಯನ್ನು ಹಿಂದಕ್ಕೆ ಎಳೆದು, "ಜಗಳ ಶುರುವಾಗುವ ಹದಿನೈದು ಸೆಕೆಂಡ್ ಮೊದಲು ನೀನು ಎಲ್ಲಿದ್ದೆ?" ಅಂತ ಕೇಳಿದ.

ನೋಡಿದರೆ ನಾನು ಮೈದಾನದ ಆಚೆ ತುದಿಯಲ್ಲಿದ್ದೆ. ಇನ್ನೊಂದು ಜಗಳದಲ್ಲೂ ಹಾಗೆಯೇ. ಎಲ್ಲ ಕಡೆಗೂ ನಾನು ತಡವಾಗಿ ಓಡಿ ಬಂದು, ಒಬ್ಬನೇ ಸಿಕ್ಕಿಬಿದ್ದು ಸತ್ತಿದ್ದೆ. ನನ್ನ ಬೆರಳು ನಿಧಾನ ಅನ್ನುವುದು ನಿಜವಾದ ಕಾರಣ ಆಗಿರಲಿಲ್ಲ, ನಾನು ಹೊರಡುವುದೇ ತಡವಾಗುತ್ತಿತ್ತು. ಈ ಲೇಖನದಿಂದ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಸಪೋರ್ಟ್‌ನವನ ಕೆಲಸ ಜಗಳ ಶುರುವಾಗುವ ಮೊದಲೇ ಮುಕ್ಕಾಲು ಮುಗಿದಿರಬೇಕು. ಕೆಳಗಿನ ಎಲ್ಲ ಪಾಠಗಳೂ ಅದರಿಂದಲೇ ಬರುತ್ತವೆ.

1. ಮ್ಯಾಪ್ ನೋಡುವುದು ಅಭ್ಯಾಸ ಆಗಬೇಕು

ಸ್ಕ್ರೀನಿನ ಮೂಲೆಯಲ್ಲಿ ಸಣ್ಣ ಮ್ಯಾಪ್ ಇದೆ. "ಮ್ಯಾಪ್ ನೋಡು" ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಹೇಳುವುದಿಲ್ಲ. ನಾನು ಕಲಿತದ್ದು ಹೀಗೆ: ಪ್ರತಿ ಸಲ ಒಂದು ಸ್ಕಿಲ್ ಒತ್ತಿದ ಕೂಡಲೇ ಕಣ್ಣು ಮ್ಯಾಪ್‌ಗೆ. ಡ್ರೈವರ್‌ಗಳು ಗೇರ್ ಬದಲಿಸುವಾಗ ಕನ್ನಡಿ ನೋಡುವ ಹಾಗೆ. ಒಂದು ವಾರ ನೆನಪಿಸಿಕೊಂಡು ಮಾಡಬೇಕು, ಆಮೇಲೆ ತಾನಾಗಿಯೇ ಬರುತ್ತದೆ.

ನೋಡಿದಾಗ ಮಾಡುವ ಲೆಕ್ಕ ಒಂದೇ. ಎದುರಾಳಿಗಳು ಐದು, ಕಾಣುತ್ತಿರುವವರು ಎಷ್ಟು? ಎರಡು ಕಂಡರೆ ಮೂವರು ಎಲ್ಲೋ ಅಡಗಿದ್ದಾರೆ. ಅವರು ಹೆಚ್ಚಾಗಿ ಬರುವುದು ನಿಮ್ಮಲ್ಲಿ ಒಂಟಿಯಾಗಿ ಮುಂದೆ ಹೋದವನ ಹತ್ತಿರಕ್ಕೆ. ಆಗ ರಿಟ್ರೀಟ್ ಒತ್ತಿ, ಅವನ ಕಡೆ ಹೊರಡಿ. ಮಾರ್ಕ್ಸ್‌ಮನ್ ಸತ್ತ ಮೇಲೆ ಹೋಗಿ ನಿಲ್ಲುವುದಕ್ಕಿಂತ ಅವನು ಸಾಯದ ಹಾಗೆ ಮೊದಲೇ ಹೋಗಿ ನಿಲ್ಲುವುದು ಸಪೋರ್ಟ್.

2. ಗಡಿಯಾರ ನೋಡಿ ಆಡಿ

ಆಟ ಶುರುವಾಗಿ 2 ನಿಮಿಷಕ್ಕೆ ಹೊಳೆಯಲ್ಲಿ ಟರ್ಟಲ್ ಬರುತ್ತದೆ. 8ನೇ ನಿಮಿಷದಿಂದ ಲಾರ್ಡ್. ಟರ್ಟಲ್ ಹೊಡೆದ ಟೀಮಿಗೆ ಚಿನ್ನ, ಅನುಭವದ ಪಾಯಿಂಟ್. ಲಾರ್ಡ್ ಹೊಡೆದರೆ ಅದು ನಿಮ್ಮ ಪರವಾಗಿ ಹೋಗಿ ಟವರ್ ಒಡೆಯುತ್ತದೆ. ದೊಡ್ಡ ಜಗಳಗಳು ಇವುಗಳ ಸುತ್ತಲೇ ಆಗುವುದು. ಅಂದರೆ ಮುಂದಿನ ಜಗಳ ಎಲ್ಲಿ, ಯಾವಾಗ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಹಾಗಿದ್ದೂ ತಡ ಮಾಡಿದರೆ ಅದು ನಮ್ಮದೇ ತಪ್ಪು.

ಮೊದಲ ನಿಮಿಷದಲ್ಲಿ ಮಿಡ್ ಲೇನ್‌ನವನ ಜೊತೆ ಇದ್ದು ಅವನ ಮಿನಿಯನ್‌ಗಳನ್ನು ಬೇಗ ಮುಗಿಸಲು ನೆರವಾಗಿ, ಇಲ್ಲವೇ ಜಂಗ್ಲರ್‌ನ ಮೊದಲ ಬಫ್ ಯಾರೂ ಕದಿಯದ ಹಾಗೆ ಕಾಯಿರಿ. ಒಂದೂವರೆ ನಿಮಿಷ ಆಗುವಾಗ ಎಲ್ಲ ಬಿಟ್ಟು ಟರ್ಟಲ್ ಕಡೆ ಹೊರಡಿ. ಅಲ್ಲಿ ಪೊದೆಗಳಿವೆ, ಆಟದವರು ಬುಷ್ ಅನ್ನುತ್ತಾರೆ. ಒಳಗೆ ನಿಂತವರು ಹೊರಗಿನವರಿಗೆ ಕಾಣುವುದಿಲ್ಲ. ಎದುರಾಳಿಗಳು ಬರುವ ಮೊದಲೇ ನೀವು ಅದರೊಳಗೆ ಇದ್ದರೆ ನಿಮ್ಮ ಜಂಗ್ಲರ್ ಧೈರ್ಯದಿಂದ ಟರ್ಟಲ್ ಹೊಡೆಯುತ್ತಾನೆ. ಟರ್ಟಲ್‌ಗೆ ಕೊನೆಯ ಏಟು ಜಂಗ್ಲರ್‌ನ ರಿಟ್ರಿಬ್ಯೂಶನ್‌ದು. ನೀವು ಅದನ್ನು ಹೊಡೆಯುತ್ತಾ ನಿಲ್ಲಬೇಡಿ. ಎದುರಾಳಿ ಜಂಗ್ಲರ್ ಹತ್ತಿರ ಬರದ ಹಾಗೆ ಅಡ್ಡ ನಿಲ್ಲಿ.

3. ಮೂರೇ ಹೀರೋ ಕಲಿಯಿರಿ

ಹೀರೋಗಳು ನೂರಕ್ಕೂ ಮೇಲಿದ್ದಾರೆ. ಎಲ್ಲ ಕಲಿಯಲು ನಮಗೆ ಸಮಯ ಎಲ್ಲಿದೆ? ರೋಮ್‌ನವರಲ್ಲಿ ಎರಡು ಜಾತಿ. ಮುಂದೆ ನಿಂತು ಏಟು ತಿನ್ನುವವರು: ಟೈಗ್ರಿಯಲ್, ಫ್ರಾಂಕೊ, ಖುಫ್ರಾ, ಮಿನೊಟಾರ್. ಹಿಂದೆ ನಿಂತು ಕಾಯುವವರು: ಎಸ್ಟೆಸ್, ರಫೇಲಾ, ಏಂಜೆಲಾ, ಫ್ಲೋರಿನ್. ಮುಂದೆ ನಿಲ್ಲುವವರಲ್ಲಿ ಎರಡು, ಹಿಂದಿನವರಲ್ಲಿ ಒಂದು ಕಲಿತರೆ ಬೇಕಾದಷ್ಟಾಯಿತು.

ಹೊಸಬರಿಗೆ ಟೈಗ್ರಿಯಲ್ ಒಳ್ಳೆಯದು. ಅವನ ಅಲ್ಟಿಮೇಟ್ ಸುತ್ತಲಿನ ಎದುರಾಳಿಗಳನ್ನು ಎಳೆದು ಒಂದು ಕಡೆ ಗುಡ್ಡೆ ಹಾಕುತ್ತದೆ. ಆದರೆ ಒತ್ತುವ ಮೊದಲು ಹಿಂದೆ ತಿರುಗಿ ನೋಡಿ, ಹೊಡೆಯುವವರು ಹತ್ತಿರ ಇದ್ದಾರಾ ಅಂತ. ಐದು ಜನರನ್ನು ಎಳೆದು ಹಿಡಿದರೂ ಹೊಡೆಯುವವನು ಬೇಸ್‌ನಲ್ಲಿ ಸಾಮಾನು ಕೊಳ್ಳುತ್ತಿದ್ದರೆ, ಎಳೆದವನೇ ಸಾಯುತ್ತಾನೆ. ನಾನು ಎಷ್ಟು ಸಲ ಹೀಗೆ ಸತ್ತಿದ್ದೇನೆ ಅಂತ ಲೆಕ್ಕ ಇಲ್ಲ. ಹಾರಿ ಹಾರಿ ಹೊಡೆಯುವ ಹೀರೋಗಳು ಎದುರಿದ್ದರೆ ಖುಫ್ರಾ ತೆಗೆದುಕೊಳ್ಳಿ, ಅವನ ಚೆಂಡು ಆ ಹಾರಾಟವನ್ನು ತಡೆಯುತ್ತದೆ.

ಎಸ್ಟೆಸ್ ತೆಗೆದುಕೊಂಡರೆ ಜೊತೆಯವರ ಗಾಯ ವಾಸಿ ಮಾಡುವುದೇ ಕೆಲಸ. ಅವನು ಹತ್ತಿರ ನಿಂತರೆ ಮೊದಲು ಸಾಯುವವನೂ ಅವನೇ. ಎದುರಾಳಿ ಬುದ್ಧಿವಂತರಾಗಿದ್ದರೆ ಡಾಮಿನೆನ್ಸ್ ಐಸ್ ತರಹದ ಸಾಮಾನು ಕೊಂಡು ಗಾಯ ವಾಸಿಯಾಗುವುದನ್ನು ಕಡಿಮೆ ಮಾಡುತ್ತಾರೆ. ಅದನ್ನು ನೋಡಿ ಆಟದ ಮಧ್ಯೆ ದೂರ ಸರಿಯಲು ಕಲಿಯಬೇಕು.

ನಿಮ್ಮ ಸಾಮಾನೂ ಹಾಗೆಯೇ. ಯೂಟ್ಯೂಬ್‌ನಲ್ಲಿ ಯಾರೋ ತೋರಿಸಿದ ಪಟ್ಟಿಯನ್ನೇ ಪ್ರತಿ ಸಲ ಕೊಳ್ಳಬೇಡಿ. ಎದುರಿಗೆ ಮ್ಯಾಜಿಕ್ ಏಟಿನವರು ಹೆಚ್ಚಿದ್ದರೆ ಅಥೇನಾಸ್ ಶೀಲ್ಡ್ ಮೊದಲು. ಕತ್ತಿ, ಬಾಣದವರು ಹೆಚ್ಚಿದ್ದರೆ ಆ್ಯಂಟೀಕ್ ಕ್ವಿರಾಸ್. ಚಿನ್ನ ಕಡಿಮೆ ಇರುವವನು ನೋಡಿ ಖರ್ಚು ಮಾಡಬೇಕು.

4. ಸಾವಿನ ಲೆಕ್ಕ ಬರೆಯಿರಿ

ಅಂಗಡಿಯ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾನು ಲೆಕ್ಕ ಬರೆಯಲು ಶುರುಮಾಡಿದೆ. ಪ್ರತಿ ಆಟಕ್ಕೆ ಮೂರು ವಿಷಯ: ಎಷ್ಟು ಸಲ ಸತ್ತೆ, ಅದರಲ್ಲಿ ಒಂಟಿಯಾಗಿ ಸತ್ತದ್ದು ಎಷ್ಟು, ಟರ್ಟಲ್ ಮತ್ತು ಲಾರ್ಡ್ ಹತ್ತಿರ ಮೊದಲೇ ಇದ್ದೆನಾ ಇಲ್ಲವಾ.

ಮೊದಲ ಹತ್ತು ಆಟದಲ್ಲಿ 83 ಸಲ ಸತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಸಾವು ಒಂದೇ ರೀತಿಯದು. ಬುಷ್‌ನಲ್ಲಿ ಯಾರಿದ್ದಾರೆ ನೋಡೋಣ ಅಂತ ಮೈಯನ್ನೇ ಒಳಗೆ ಹಾಕಿದ್ದು. ಸ್ಕಿಲ್ ಎಸೆದು ನೋಡಬಹುದು, ಗೋಡೆಯ ಈಚೆಯಿಂದ ನೋಡಬಹುದು, ಇನ್ನೊಬ್ಬ ಬರುವವರೆಗೆ ಕಾಯಬಹುದು. ಇದನ್ನು ತಿದ್ದಿಕೊಂಡದ್ದಕ್ಕೇ ಎರಡು ತಿಂಗಳ ನಂತರದ ಹತ್ತು ಆಟದಲ್ಲಿ ಲೆಕ್ಕ 46ಕ್ಕೆ ಇಳಿಯಿತು.

ಸಪೋರ್ಟ್‌ನವನು ಸಾಯಲೇಬಾರದು ಅಂತಲ್ಲ. ನೀವು ಸತ್ತು ಮಾರ್ಕ್ಸ್‌ಮನ್ ಉಳಿದರೆ, ನೀವು ಸತ್ತು ಲಾರ್ಡ್ ಸಿಕ್ಕಿದರೆ ಅದು ಒಳ್ಳೆಯ ವ್ಯಾಪಾರ. ಸತ್ತ ಮೇಲೆ ಕಾಯುವ ಆ ಕೆಲವು ಸೆಕೆಂಡುಗಳಲ್ಲಿ "ಈ ಸಾವಿಗೆ ಟೀಮಿಗೆ ಏನು ಸಿಕ್ಕಿತು?" ಅಂತ ಕೇಳಿಕೊಳ್ಳಿ. ಏನೂ ಇಲ್ಲದಿದ್ದರೆ ಬರೆದಿಡಿ. ಆಟದ ಕೊನೆಯಲ್ಲಿ ಬರುವ ಬೋರ್ಡ್‌ನಲ್ಲಿ ಕಿಲ್ ನೋಡಬೇಡಿ. ಅಸಿಸ್ಟ್ ನೋಡಿ, ಟೀಮ್ ಜಗಳದಲ್ಲಿ ನಿಮ್ಮ ಪಾಲು ಶೇಕಡಾ ಎಷ್ಟು ಅಂತ ನೋಡಿ.

5. ಬಾಯಿ ಕಡಿಮೆ, ಸುದ್ದಿ ಹೆಚ್ಚು

ನಾವು ಐದು ಜನ ಒಂದೇ ರೂಮಿನಲ್ಲಿ ಕೂತು ಆಡುವವರು. ಮಾತು ಸುಲಭ, ಬೈಗುಳ ಇನ್ನೂ ಸುಲಭ. ಸಪೋರ್ಟ್‌ನವನಿಗೆ ಇಡೀ ಮ್ಯಾಪ್ ಕಾಣುವುದರಿಂದ ಹೆಚ್ಚು ಹೇಳಬೇಕಾದವನು ಅವನೇ. ಆದರೆ ಹೇಳಬೇಕಾದದ್ದು ಸುದ್ದಿ ಮಾತ್ರ. "ಮೂವರು ಕಾಣ್ತಿಲ್ಲ." "ಬುಷ್ ಖಾಲಿ." "ಅವನ ಫ್ಲಿಕರ್ ಹೋಯ್ತು." "ನನ್ನ ಅಲ್ಟಿಗೆ ಹತ್ತು ಸೆಕೆಂಡ್." ಇಷ್ಟು ಸಾಕು. "ಎಂತ ಮಾರಾಯ ಮಾಡ್ತಿದ್ದಿ" ಅನ್ನುವುದು ಸುದ್ದಿ ಅಲ್ಲ. ಅದನ್ನು ಕೇಳಿದವನು ಮ್ಯಾಪ್ ಬಿಟ್ಟು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಇನ್ನೂ ಕೆಟ್ಟದಾಗಿ ಆಡುತ್ತಾನೆ.

ಈಗ ನಮ್ಮ ರೂಮಿನಲ್ಲಿ ಒಂದು ನಿಯಮ ಇದೆ. ಸೋತ ಆಟದ ಬಗ್ಗೆ ಅವತ್ತು ರಾತ್ರಿ ಮಾತಿಲ್ಲ. ಮಾತಾಡುವುದಿದ್ದರೆ ಮರುದಿನ ಚಾ ಕುಡಿಯುವಾಗ. ಮರುದಿನ ಆಗುವಾಗ ಮಾತಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

6. ವಾರಕ್ಕೆ ಒಂದು ರಿಪ್ಲೇ

ಹತ್ತು ಆಟ ಹೆಚ್ಚು ಆಡುವುದಕ್ಕಿಂತ ಒಂದು ಆಟವನ್ನು ತಿರುಗಿ ನೋಡುವುದರಲ್ಲಿ ಲಾಭ ಹೆಚ್ಚು. ಆಟದಲ್ಲೇ ಹಿಸ್ಟರಿ ಅಂತ ಇದೆ, ಅಲ್ಲಿಂದ ರಿಪ್ಲೇ ತೆರೆಯಬಹುದು. ಪೂರ್ತಿ ನೋಡಲು ಯಾರಿಗೂ ತಾಳ್ಮೆ ಇಲ್ಲ. ನೀವು ಸತ್ತ ಜಾಗಗಳನ್ನು ಮಾತ್ರ ನೋಡಿ, ಪ್ರತಿ ಸಾವಿಗೂ ಹದಿನೈದು ಸೆಕೆಂಡ್ ಹಿಂದಕ್ಕೆ ಹೋಗಿ. ಸೋತ ಆಟವನ್ನೇ ನೋಡಬೇಕು, ಗೆದ್ದ ಆಟ ಮನಸ್ಸಿಗೆ ಖುಷಿ ಕೊಡುತ್ತದೆ, ಕಲಿಸುವುದು ಕಡಿಮೆ. ಹೊಸ ಹೀರೋ ಕಲಿಯುವುದಿದ್ದರೆ ರ್‍ಯಾಂಕ್ ಆಟದಲ್ಲಿ ಬೇಡ. ಕಂಪ್ಯೂಟರ್ ಎದುರಿನ ಆಟದಲ್ಲಿ, ಆಮೇಲೆ ಕ್ಲಾಸಿಕ್‌ನಲ್ಲಿ ಕಲಿತು ಬನ್ನಿ. ನಾಲ್ಕು ಜನರ ಸ್ಟಾರ್ ನಿಮ್ಮ ಪ್ರಯೋಗಕ್ಕೆ ಅಲ್ಲ.

ದೊಡ್ಡ ಮಟ್ಟದಲ್ಲೂ ಸಪೋರ್ಟ್‌ಗೆ ಬೆಲೆ ಇದೆ

ಸಪೋರ್ಟ್ ಆಡಿದರೆ ಹೆಸರು ಬರುವುದಿಲ್ಲ ಅನ್ನುವವರಿಗೆ ಒಂದು ಉದಾಹರಣೆ. 2021ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಈ ಆಟದ ವಿಶ್ವ ಚಾಂಪಿಯನ್‌ಶಿಪ್ ಎಂ3 ನಡೆಯಿತು. ಫಿಲಿಪ್ಪೀನ್ಸ್‌ನ ಬ್ಲ್ಯಾಕ್‌ಲಿಸ್ಟ್ ಇಂಟರ್‌ನ್ಯಾಷನಲ್ ತಂಡ ಫೈನಲ್‌ನಲ್ಲಿ ಒಂದೂ ಆಟ ಬಿಡದೆ 4-0 ಅಂತರದಲ್ಲಿ ಗೆದ್ದಿತು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಅತಿ ಹೆಚ್ಚು ಕೊಂದವನಿಗೆ ಅಲ್ಲ, ಆ ತಂಡದ ನಾಯಕ ಓಮೈವೀನಸ್‌ಗೆ. ಎಸ್ಟೆಸ್‌ನಂತಹ ಕಾಯುವ ಹೀರೋಗಳನ್ನು ಇಟ್ಟುಕೊಂಡು ಇಡೀ ತಂಡ ಸಾಯದೆ ಒಟ್ಟಿಗೆ ನಡೆಯುವ ಆಟ ಅವರದ್ದು.

ನಮ್ಮ ಹತ್ತಿರವೇ ಹೇಳುವುದಾದರೆ, 2024ರಲ್ಲಿ ರಿಯಾದ್‌ನಲ್ಲಿ ನಡೆದ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್‌ನಲ್ಲಿ ಮೊಬೈಲ್ ಲೆಜೆಂಡ್ಸ್ ಕೂಡ ಇತ್ತು, ಮಲೇಷ್ಯಾದ ಸೆಲಂಗೋರ್ ರೆಡ್ ಜೈಂಟ್ಸ್ ಗೆದ್ದಿತು. ಇದೇ ಜಾತಿಯ ಡೋಟಾ 2 ಆಟದಲ್ಲಿ ಭಾರತದ ತಂಡ 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ಕೊಟ್ಟಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಅನ್ನು ಬೇರೆಯೇ ಇಟ್ಟಿದೆ. ಊರಿನವರು ಎರಡನ್ನೂ ಒಂದೇ ಅಂತ ತಿಳಿದು ಹೆದರುವುದುಂಟು. ಹಣ ಕಟ್ಟಿಸಿಕೊಳ್ಳುವ ಆಟ ಬೇರೆ, ಇದು ಬೇರೆ. ಊರಿನಲ್ಲಿರುವ ತಮ್ಮಂದಿರು ಬಿಜಿಎಂಐ ಆಡುತ್ತಾರಲ್ಲ, ಅಲ್ಲೂ ನಾಲ್ವರಲ್ಲಿ ಒಬ್ಬ ಸಪೋರ್ಟ್ ಇರುತ್ತಾನೆ. ಸ್ಮೋಕ್ ಎಸೆದು, ಕವರ್ ಕೊಟ್ಟು, ಬಿದ್ದವನನ್ನು ಎಬ್ಬಿಸುವವನು. ಮೊದಲೇ ಹೋಗು, ಸುದ್ದಿ ಹೇಳು, ಸುಮ್ಮನೆ ಸಾಯಬೇಡ ಅನ್ನುವುದು ಅಲ್ಲಿಗೂ ಸರಿಯೇ.

ಡ್ಯೂಟಿ, ನಿದ್ರೆ, ದುಡ್ಡು

ಇದನ್ನು ಹೇಳದೆ ಲೇಖನ ಮುಗಿಸಿದರೆ ತಪ್ಪಾಗುತ್ತದೆ.

ರಾತ್ರಿ ರ್‍ಯಾಂಕ್ ಆಟ ಎರಡು ಅಥವಾ ಮೂರು, ಅಷ್ಟೇ. ಸಾಲಾಗಿ ಎರಡು ಸೋತರೆ ಫೋನ್ ಇಡಿ. ಸೋತ ಸಿಟ್ಟಿನಲ್ಲಿ ಮೂರನೆಯದು ಆಡಿ ಗೆದ್ದವರನ್ನು ನಾನು ಕಂಡದ್ದು ಕಡಿಮೆ. ಬೆಳಿಗ್ಗೆ ಗಾಡಿ ಓಡಿಸುವವರು, ಮೆಶಿನ್ ಕೆಲಸದವರು, ಎತ್ತರದಲ್ಲಿ ಕೆಲಸ ಮಾಡುವವರು ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಿ. ನಿದ್ರೆಗೆಟ್ಟ ಕಣ್ಣು ಆಟದಲ್ಲಿ ಸ್ಟಾರ್ ಕಳೆಯುತ್ತದೆ, ರಸ್ತೆಯಲ್ಲಿ ಜೀವ.

ಆಟ ಒತ್ತುವ ಮೊದಲು ಪಿಂಗ್ ನೋಡಿ. ಒಂದೇ ವೈಫೈನಲ್ಲಿ ಹತ್ತು ಜನ ಸಿನಿಮಾ ನೋಡುವ ಹೊತ್ತಿನಲ್ಲಿ ನಂಬರ್ ಕೆಂಪಾಗಿರುತ್ತದೆ, ಆಗ ರ್‍ಯಾಂಕ್ ಬೇಡ. ಇಲ್ಲಿನ ಬೇಸಿಗೆಯಲ್ಲಿ ಚಾರ್ಜ್‌ಗೆ ಹಾಕಿಕೊಂಡು ಆಡಿದರೆ ಫೋನ್ ದೋಸೆ ಕಲ್ಲಿನ ಹಾಗೆ ಕಾಯುತ್ತದೆ, ಆಟ ತಡೆದು ತಡೆದು ಹೋಗುತ್ತದೆ, ಬ್ಯಾಟರಿಯೂ ಹಾಳು. ಮೊದಲೇ ಚಾರ್ಜ್ ಮಾಡಿ, ವಯರ್ ತೆಗೆದು ಆಡಿ.

ಡೈಮಂಡ್, ಸ್ಕಿನ್ ವಿಷಯ. ಸ್ಕಿನ್ ಕಣ್ಣಿಗೆ ಚಂದ. ಅದು ನಿಮ್ಮನ್ನು ಟರ್ಟಲ್ ಹತ್ತಿರ ಮೊದಲೇ ಕರೆದುಕೊಂಡು ಹೋಗುವುದಿಲ್ಲ. ಒಂದು ರಿಯಾಲ್ ಅಂದರೆ ಊರಲ್ಲಿ 200 ರೂಪಾಯಿಗೂ ಮೇಲೆ, ಒತ್ತುವ ಮೊದಲು ಒಮ್ಮೆ ಗುಣಿಸಿ ನೋಡಿ. ಕಡಿಮೆ ರೇಟಿಗೆ ಡೈಮಂಡ್ ಹಾಕಿಕೊಡುತ್ತೇನೆ ಅನ್ನುವವರಿಗೆ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ವರ್ಷಗಟ್ಟಲೆ ಆಡಿದ ಅಕೌಂಟ್ ಒಂದು ನಿಮಿಷದಲ್ಲಿ ಹೋಗುತ್ತದೆ, ಬ್ಯಾಂಕ್ ಒಟಿಪಿ ಕೊಟ್ಟರೆ ಸಂಬಳವೂ ಹೋಗುತ್ತದೆ. ಊರಿಗೆ ಲೀವಿನಲ್ಲಿ ಹೋದಾಗ ಆಟ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಆ ಎರಡು ತಿಂಗಳು ಮಕ್ಕಳ ಜೊತೆ ಕಳೆಯಿರಿ, ರ್‍ಯಾಂಕ್ ಆಮೇಲೆ ನೋಡಿಕೊಳ್ಳೋಣ.

ಕೊನೆಗೆ ನಮ್ಮ ರೂಮಿನ ಸುದ್ದಿ

ಪುತ್ತೂರಿನ ಹುಡುಗ ಈಗಲೂ ಜಂಗ್ಲರ್, ನಾನು ಈಗಲೂ ರೋಮ್. ಹೋದ ತಿಂಗಳು ಒಂದು ಆಟ ಲಾರ್ಡ್ ಹತ್ತಿರ ಬಂದು ನಿಂತಿತ್ತು. ನಾನು ಅರ್ಧ ನಿಮಿಷ ಮೊದಲೇ ಬುಷ್‌ನಲ್ಲಿದ್ದೆ. ಅವರ ಜಂಗ್ಲರ್ ಬಂದ, ಟೈಗ್ರಿಯಲ್‌ನ ಅಲ್ಟಿ ಒತ್ತಿ ಹಿಡಿದೆ, ನಾನು ಸತ್ತೆ. ಅಷ್ಟರಲ್ಲಿ ಲಾರ್ಡ್ ನಮ್ಮದಾಗಿತ್ತು. ಬೋರ್ಡ್‌ನಲ್ಲಿ ಎಂವಿಪಿ ಅವನು. ನನ್ನದು ಕಿಲ್ ಸೊನ್ನೆ, ಅಸಿಸ್ಟ್ 14. ಅವನು ಏನೂ ಹೇಳಲಿಲ್ಲ. ಎದ್ದು ಹೋಗಿ ಎರಡು ಗ್ಲಾಸ್ ಸುಲೈಮಾನಿ ಮಾಡಿಕೊಂಡು ಬಂದು ಒಂದನ್ನು ನನ್ನ ಮಂಚದ ಹತ್ತಿರ ಇಟ್ಟು, "ಅಣ್ಣಾ, ಇನ್ನೊಂದು ಆಡುವನಾ?" ಅಂತ ಕೇಳಿದ.

ಮಧ್ಯಾಹ್ನದ ಬ್ರೇಕಿನಲ್ಲಿ ಈಗ ನಾನು ಎರಡೂವರೆಯ ನಂತರ ಆಟ ಒತ್ತುವುದಿಲ್ಲ. 3 ಗಂಟೆಗೆ ಮಗಳ ಫೋನ್ ಬರುತ್ತದೆ. ಕೆಲವೊಮ್ಮೆ ಅವಳೇ ಕೇಳುತ್ತಾಳೆ, "ಅಪ್ಪಾ, ಇವತ್ತು ಎಷ್ಟು ಸಲ ಸತ್ತಿರಿ?" ಅಂತ. ಬಿಲ್ ಪುಸ್ತಕ ತೆರೆದು ಲೆಕ್ಕ ಓದಿ ಹೇಳುತ್ತೇನೆ.